ಅಪ್ಪ ಮಾತು ಬಿಟ್ಟಿದ್ದಾರೆ, ಪ್ರಾರ್ಥನೆಯೂ ಬರುತ್ತಿಲ್ಲ: ನಾನು ಹೇಗೆ ಮುಂದುವರಿಯಲಿ?

ಪ್ರಶ್ನೆ: ನಾನು ಆಲೂರು ತಾಲೂಕಿನ ಒಂದು ಹಳ್ಳಿಯವಳು. ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ದಿನಾ ಊರಿಂದಲೇ ಓಡಾಡುತ್ತೇನೆ. ನರ್ಸಿಂಗ್ ಓದುವಾಗ ಹಾಸ್ಟೆಲ್ ಗೆಳತಿಯ ಜೊತೆ ಆರಾಧನೆಗೆ ಹೋಗುತ್ತಾ ಯೇಸುವನ್ನು ನಂಬಿದೆ. ಮನೆಯಲ್ಲಿ ಗೊತ್ತಾದ ಮೇಲೆ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹೋದ ವರ್ಷ ಹಾಸನಾಂಬ ದರ್ಶನಕ್ಕೆ ಬರಲ್ಲ ಅಂದಿದ್ದಕ್ಕೆ ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಸಭೆಯಲ್ಲಿ ಹೇಳಿಕೊಂಡರೆ, "ಇದು ಪರಿಶೋಧನೆ. ಶೆಟ್ಟಿಹಳ್ಳಿ ಚರ್ಚ್ ನೀರಲ್ಲಿ ಮುಳುಗಿದರೂ ನಿಂತಿಲ್ವಾ, ಹಾಗೆ ನಿಲ್ಲಬೇಕು" ಅನ್ನುತ್ತಾರೆ. ಬೇಗ ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವ ನೀರಿನ ಸಂಸ್ಕಾರ) ತಗೊಳ್ಳಿ ಅಂತ ಒತ್ತಾಯ ಬೇರೆ. ಶುಕ್ರವಾರ ಉಪವಾಸ ಮಾಡುತ್ತೇನೆ, ನೈಟ್ ಡ್ಯೂಟಿ ಇದ್ದರೂ ಬಿಡುವುದಿಲ್ಲ. ಆದರೆ ಕೆಲವು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಒಂದೋ ಅಳು ಬರುತ್ತದೆ, ಇಲ್ಲ ನಿದ್ದೆ ಬರುತ್ತದೆ. ದೇವರು ನನ್ನ ಕೈ ಬಿಟ್ಟನಾ? ನಾನೇ ಬಿಟ್ಟೆನಾ?

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದೇವರು ನಿಮ್ಮ ಕೈ ಬಿಟ್ಟಿಲ್ಲ. ನೀವೂ ಬಿಟ್ಟಿಲ್ಲ. ಬಿಟ್ಟವರು ಕೂತು ಇಂಥ ಪತ್ರ ಬರೆಯುವುದಿಲ್ಲ. ನೀವು ದಣಿದಿದ್ದೀರಿ, ಜೊತೆಗೆ ಒಂಟಿಯಾಗಿದ್ದೀರಿ. ಇವೆರಡನ್ನೂ ಸರಿಮಾಡದೆ ನಂಬಿಕೆಯ ಬಗ್ಗೆ ಎಷ್ಟು ಉಪದೇಶ ಮಾಡಿದರೂ ಅದು ನಿಮ್ಮ ತಲೆಯ ಮೇಲೆ ಇನ್ನೊಂದು ಭಾರ ಆಗುತ್ತದೆ ಅಷ್ಟೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಕುಕ್ಕಿದ್ದು ಶುಕ್ರವಾರದ ಮಾತು. ಸಂಜೆ ಏನೂ ತಿನ್ನದೆ ಡ್ಯೂಟಿಗೆ ಹೋಗುತ್ತೀರಿ. ರಾತ್ರಿಯೆಲ್ಲ ಡ್ರಿಪ್ ಬದಲಿಸಿ, ಬಿ.ಪಿ. ನೋಡಿ, ಕರೆದ ಬೆಡ್ಡಿಗೆಲ್ಲ ಓಡುತ್ತೀರಿ. ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು, ಖಾಲಿ ಹೊಟ್ಟೆಯಲ್ಲೇ ಆಲೂರಿನ ಬಸ್ ಹತ್ತುತ್ತೀರಿ. ಮನೆಗೆ ಬಂದರೆ ಜಗಲಿಯಲ್ಲಿ ಕೂತ ಅಪ್ಪ ಮುಖ ತಿರುಗಿಸುತ್ತಾರೆ. ಆಮೇಲೆ ಕೋಣೆಗೆ ಹೋಗಿ ಮಂಡಿಯೂರುತ್ತೀರಿ. ಅಳು ಬರದೆ ಇನ್ನೇನು ಬರಬೇಕು ಹೇಳಿ? ನಿದ್ದೆ ಬರುವುದಂತೂ ದೇವರ ಕೃಪೆ ಅಂತಲೇ ನಾನು ತಿಳಿಯುತ್ತೇನೆ.

ಬೈಬಲಿನಲ್ಲಿ ನಿಮ್ಮ ಸ್ಥಿತಿಗೆ ತೀರಾ ಹತ್ತಿರದ ಕಥೆ ಪ್ರವಾದಿ ಎಲೀಯನದು. 1 ಅರಸುಗಳು 19ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಹಿಂದಿನ ಅಧ್ಯಾಯದಲ್ಲಿ ಅವನು ಕರ್ಮೆಲ್ ಬೆಟ್ಟದ ಮೇಲೆ ಎಷ್ಟೋ ಜನರ ಎದುರು ಒಬ್ಬನೇ ನಿಂತವನು. ಆಕಾಶದಿಂದ ಬೆಂಕಿ ಇಳಿದದ್ದನ್ನು ನೋಡಿದವನು. ಅಂಥವನು ಈಜೆಬೆಲ್ ರಾಣಿ ಕಳಿಸಿದ ಒಂದು ಬೆದರಿಕೆಗೆ ಊರು ಬಿಟ್ಟು ಓಡುತ್ತಾನೆ. ಇದ್ದ ಒಬ್ಬ ಸೇವಕನನ್ನೂ ಬೇರ್ಷೆಬದಲ್ಲೇ ಬಿಟ್ಟು, ಮರಳುಗಾಡಿನಲ್ಲಿ ಒಂದು ದಿನದ ದಾರಿ ನಡೆದು, ಗಿಡವೊಂದರ ಕೆಳಗೆ ಕುಸಿದು ಕೂರುತ್ತಾನೆ. ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ಅಷ್ಟು ಹೇಳಿ ನಿದ್ದೆ ಹೋಗುತ್ತಾನೆ.

ದೇವರು ಆಗ ಏನು ಮಾಡಿದ ನೋಡಿ. ಬೈಯಲಿಲ್ಲ. ಕರ್ಮೆಲ್ ಬೆಟ್ಟದಲ್ಲಿ ನಡೆದದ್ದು ಮರೆತುಹೋಯಿತಾ ಅಂತ ಕೇಳಲಿಲ್ಲ. ದೂತ ಬಂದು ಮೈ ತಟ್ಟಿ, ಏಳು, ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಎಲೀಯ ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಕಾರಣವನ್ನೂ ಹೇಳಿದ. ಹೋರೇಬ್ ಬೆಟ್ಟಕ್ಕೆ 40 ದಿನದ ನಡಿಗೆ ಮುಗಿದ ಮೇಲಷ್ಟೇ, ಎಲೀಯನೇ, ಇಲ್ಲಿ ಏನು ಮಾಡುತ್ತಿದ್ದೀ ಅನ್ನುವ ಪ್ರಶ್ನೆ ಬಂತು. ಊಟ ಮೊದಲು, ನಿದ್ದೆ ಮೊದಲು, ಪ್ರಶ್ನೆ ಆಮೇಲೆ. ನಮ್ಮ ಕೂಟಗಳಲ್ಲಿ ನಾವು ಇದನ್ನು ತಿರುಗಾಮುರುಗಾ ಮಾಡಿಬಿಟ್ಟಿದ್ದೇವೆ. ಸುಸ್ತಾದವರು ಬಂದರೆ ಇನ್ನೂ ಒಂದು ದಿನ ಉಪವಾಸ ಸೇರಿಸಿ ಕಳಿಸುತ್ತೇವೆ.

ಹಾಗಾಗಿ ಮೊದಲ ಮಾತು. ನೈಟ್ ಡ್ಯೂಟಿ ಇರುವ ವಾರ ಉಪವಾಸ ಬೇಡ. ಅರ್ಧಂಬರ್ಧ ಮಾಡುವುದೂ ಬೇಡ. ಊಟದ ಡಬ್ಬಿ ತೆಗೆದುಕೊಂಡು ಹೋಗಿ ತಿನ್ನಿ. ನಿಮ್ಮ ಕೈಯಲ್ಲಿ ರೋಗಿಗಳ ಜೀವ ಇದೆ, ತಲೆ ಸುತ್ತುವ ನರ್ಸು ಯಾರಿಗೂ ಬೇಡ ಅಲ್ವಾ? ಎರಡನೆಯದು, ಒಂದು ಸಲ ಡಾಕ್ಟರಿಗೆ ತೋರಿಸಿ. ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಹೀಗೆ ಆಗುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಅಳು ನಿಲ್ಲದಿದ್ದರೆ ಅದು ಖಿನ್ನತೆಯೂ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವಿಶ್ವಾಸಿಗಳು ಮನಸ್ಸಿನ ಡಾಕ್ಟರ ಹತ್ತಿರ ಹೋಗಬಾರದು ಅಂತ ಯಾರಾದರೂ ಹೇಳಿದರೆ, ಸಕ್ಕರೆ ಕಾಯಿಲೆಗೆ ಅವರು ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಕೇಳಿ.

ಪ್ರಾರ್ಥನೆಗೆ ಸ್ವಂತ ಮಾತು ಬರದಿದ್ದರೆ ಬೈಬಲಿನ ಕೀರ್ತನೆ ಓದಿ. 13ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟು ಹಿಂದಕ್ಕೆ ಹೋಗುವುದರೊಳಗೆ ಮುಗಿಯುತ್ತದೆ. ಎಲ್ಲಿಯ ತನಕ ನನ್ನನ್ನು ಮರೆತಿರುತ್ತೀ ಅಂತ ನೇರವಾಗಿ ದೇವರನ್ನೇ ಕೇಳುವ ಕೀರ್ತನೆ ಅದು. 88ನೆಯದು ಇನ್ನೂ ಕಷ್ಟದ್ದು. ಬೇರೆ ಗೋಳಿನ ಕೀರ್ತನೆಗಳು ಬಹುಪಾಲು ಕೊನೆಯಲ್ಲಿ ಹೇಗಾದರೂ ಸ್ತುತಿಗೆ ತಿರುಗುತ್ತವೆ. ಇದು ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅದನ್ನೂ ಪವಿತ್ರ ಗ್ರಂಥದಲ್ಲಿ ಇಟ್ಟುಕೊಂಡವರು ನಿಮ್ಮ ಅಳುವನ್ನು ಅವಿಶ್ವಾಸ ಅನ್ನುತ್ತಿರಲಿಲ್ಲ.

ಶೆಟ್ಟಿಹಳ್ಳಿ ಚರ್ಚಿನ ಉದಾಹರಣೆಗೆ ಬರುತ್ತೇನೆ. ನಮ್ಮ ಕಡೆ ಪ್ರಸಂಗ ಮಾಡುವವರಿಗೆ ಅದು ಕೈಗೆ ಸುಲಭವಾಗಿ ಸಿಗುವ ಉದಾಹರಣೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದಾಗ ಹಿನ್ನೀರು ಬಂತು, ಊರವರು ಜಾಗ ಬಿಟ್ಟು ಹೋದರು. ಮಳೆಗಾಲದಲ್ಲಿ ಈಗಲೂ ಮುಳುಗುತ್ತದೆ. ನೀರು ಇಳಿದ ಮೇಲೆ ಜನ ಫೋಟೋ ತೆಗೆಸಿಕೊಳ್ಳಲು ಕಾರು ಮಾಡಿಕೊಂಡು ಹೋಗುತ್ತಾರೆ. ಗೋಡೆ ನಿಂತಿರುವುದು ನಿಜ. ಆದರೆ ಒಳಗೆ ಆರಾಧನೆ ಇಲ್ಲ, ಮೇಲೆ ಸೂರಿಲ್ಲ, ಪಕ್ಕದಲ್ಲಿ ಕೂತು ಕೀರ್ತನೆ ಹಾಡುವವರಿಲ್ಲ. ಹಾಗೆ ನಿಲ್ಲಿ ಅಂತ ನಿಮಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಹೋಗಿ, ಬೇರೆ ಕಡೆ ಒಲೆ ಹಚ್ಚಿ, ಭಾನುವಾರ ಮತ್ತೆ ಜೊತೆಗೆ ಕೂತ ಕುಟುಂಬಗಳ ಉದಾಹರಣೆ ಕೊಟ್ಟಿದ್ದರೆ ಒಪ್ಪುತ್ತಿದ್ದೆ.

ಜೊತೆ ಅನ್ನುವ ವಿಷಯದಲ್ಲಿ, ಯೇಸುವಿನ ಸುವಾರ್ತೆಯನ್ನು ಊರೂರಿಗೆ ಒಯ್ದ ಪೌಲನ ಕೊನೆಯ ಪತ್ರ ನೋಡಿ, 2 ತಿಮೊಥೆಯ 4ನೇ ಅಧ್ಯಾಯ. ಸೆರೆಯಲ್ಲಿದ್ದಾನೆ. ಜೊತೆಗಿದ್ದ ದೇಮ ಬಿಟ್ಟುಹೋದ ಅಂತ ಹೆಸರು ಹಿಡಿದೇ ಬರೆಯುತ್ತಾನೆ. ಮೊದಲ ವಿಚಾರಣೆಯಲ್ಲಿ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ ಅನ್ನುತ್ತಾನೆ. ಆಮೇಲೆ ತನ್ನ ಶಿಷ್ಯ ತಿಮೊಥೆಯನಿಗೆ ಏನು ಹೇಳುತ್ತಾನೆ ಗೊತ್ತಾ? ತ್ರೋವದಲ್ಲಿ ಬಿಟ್ಟು ಬಂದ ಮೇಲಂಗಿ ತಾ, ಪುಸ್ತಕಗಳನ್ನು ತಾ, ಚಳಿಗಾಲಕ್ಕೆ ಮುಂಚೆ ಬಾ, ಬರುವಾಗ ಮಾರ್ಕನನ್ನೂ ಕರೆದುಕೊಂಡು ಬಾ. ಈ ಮಾರ್ಕ ಯಾರು? ಪೌಲನ ಮೊದಲ ಸುವಾರ್ತಾ ಪ್ರಯಾಣದಲ್ಲಿ ಅರ್ಧಕ್ಕೆ ಬಿಟ್ಟು ವಾಪಸ್ ಹೋದ ಹುಡುಗ. ಅವನನ್ನು ಮತ್ತೆ ಸೇರಿಸಿಕೊಳ್ಳುವ ವಿಷಯಕ್ಕೆ ಪೌಲನೂ ಅವನ ಜೊತೆಗಾರ ಬಾರ್ನಬನೂ ಜಗಳ ಆಡಿ ಬೇರೆ ಬೇರೆ ದಾರಿ ಹಿಡಿದಿದ್ದರು. ಈಗ ಅದೇ ಮಾರ್ಕ ಬೇಕು. ಅಷ್ಟು ದೊಡ್ಡ ಅಪೊಸ್ತಲನಿಗೇ ಚಳಿಗೆ ಅಂಗಿ ಬೇಕಿತ್ತು, ಮಾತಿಗೆ ಜನ ಬೇಕಿತ್ತು. ನೀವು ಒಬ್ಬಳೇ ಹಲ್ಲು ಕಚ್ಚಿಕೊಂಡು ತಡೆದುಕೊಳ್ಳುತ್ತೇನೆ ಅಂದರೆ ಹೇಗೆ?

ಸಭೆಯಲ್ಲಿ ಒಬ್ಬರನ್ನು ಹುಡುಕಿಕೊಳ್ಳಿ. ಹತ್ತು ಜನ ಬೇಡ. ಎಲೀಯನಿಗೆ ದೇವರು ಇಸ್ರಾಯೇಲಿನಲ್ಲಿ ಇನ್ನೂ 7000 ಜನ ಇದ್ದಾರೆ ಅಂತ ಹೇಳಿದ. ಆದರೆ ಕೈಗೆ ಕೊಟ್ಟಿದ್ದು ಎಲೀಷ ಅನ್ನುವ ಒಬ್ಬನನ್ನು. ವಯಸ್ಸಾದ, ಬಾಯಿ ಬಿಗಿ ಇರುವ ಒಬ್ಬ ಅಕ್ಕನೋ ಅಮ್ಮನೋ ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ಅವರು ಮೈಕ್ ಹತ್ತಿರ ಇರುವುದಿಲ್ಲ, ಹಿಂದಿನ ಬೆಂಚಿನಲ್ಲೋ ಅಡುಗೆ ಮನೆಯಲ್ಲೋ ಇರುತ್ತಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಮನೆಗೆ ಊಟಕ್ಕೆ ಹೋಗಿ. ಮೊದಲ ದಿನವೇ ಎಲ್ಲ ಹೇಳಬೇಕಿಲ್ಲ, ಸುಮ್ನೆ ಸೊಪ್ಪು ಬಿಡಿಸಿಕೊಡಿ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ನಿಮ್ಮ ಮನೆ ವಿಷಯವನ್ನು ಪ್ರಾರ್ಥನಾ ವಿಷಯ ಅಂತ ಹಾಕಬೇಡಿ. ಹಾಸನದಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆ ಬಸ್ಸಿಗೆ ಮುಂಚೆ ಊರು ತಲುಪಿರುತ್ತದೆ.

ಈಗ ಮನೆಯ ವಿಷಯ. ಇದು ಸ್ವಲ್ಪ ಜಾಸ್ತಿ ಮಾತು ಬೇಡುತ್ತದೆ.

ನಿಮ್ಮ ಅಪ್ಪನನ್ನು ವಿರೋಧಿ ಅಂತ ಕರೆಯುವ ಮೊದಲು ಅವರ ಕಡೆಯಿಂದ ನೋಡಿ. ಮಗಳನ್ನು ಓದಿಸಿದ್ದಾರೆ. ಶುಂಠಿಯೋ ಆಲೂಗಡ್ಡೆಯೋ ಬೆಳೆದು, ಬೆಲೆ ಬಿದ್ದ ವರ್ಷವೂ ಹಾಸ್ಟೆಲ್ ಫೀಸು ಕಟ್ಟಿರಬಹುದು. ಓದಿಸಿದ್ದಕ್ಕೇ ಮಗಳು ಕೈತಪ್ಪಿ ಹೋದಳು ಅಂತ ಊರಲ್ಲಿ ಅನ್ನಿಸಿಕೊಳ್ಳುತ್ತಿದ್ದಾರೆ. ಅವರಿಗೆ ಹೆದರಿಕೆ ಇದೆ. ಇನ್ನು ಇವಳು ನಮ್ಮವಳಾಗಿ ಇರುತ್ತಾಳಾ, ನಾನು ಸತ್ತರೆ ಬರುತ್ತಾಳಾ ಅಂತ. ಆ ಹೆದರಿಕೆ ಬಾಯಲ್ಲಿ ಬರದೆ ಮೌನವಾಗಿ ಕೂತಿದೆ. ಯೇಸುವಿನ ಮನೆಯವರೇ ಅವನಿಗೆ ಬುದ್ಧಿ ಕೆಟ್ಟಿದೆ ಅಂತ ಹಿಡಿದುಕೊಂಡು ಹೋಗಲು ಬಂದಿದ್ದರು, ಮಾರ್ಕನ ಸುವಾರ್ತೆ 3ನೇ ಅಧ್ಯಾಯದಲ್ಲಿದೆ. ತಮ್ಮಂದಿರೂ ನಂಬಿರಲಿಲ್ಲ. ಅವರಲ್ಲಿ ಒಬ್ಬನಾದ ಯಾಕೋಬ ಮುಂದೆ ಯೆರೂಸಲೇಮಿನ ಸಭೆಯನ್ನೇ ನಡೆಸಿದ. ನಿಮ್ಮ ಮನೆಯಲ್ಲೂ ಹಾಗೇ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಹಾಗೆ ಮಾತು ಕೊಡುವವರನ್ನು ನಂಬಲೂ ಬೇಡಿ.

ಹಳೆಯ ಸಭಾ ಚರಿತ್ರೆಯಲ್ಲಿ ಪೆರ್ಪೆತುವಾ ಅನ್ನುವ ಹೆಣ್ಣುಮಗಳೊಬ್ಬಳು ಇದ್ದಾಳೆ. ಈಗಿನ ಟುನೀಷ್ಯಾದಲ್ಲಿರುವ ಕಾರ್ಥೇಜಿನಲ್ಲಿ 203ರಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವಳು. ವಯಸ್ಸು 22ರ ಹತ್ತಿರ, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಸೆರೆಯಲ್ಲಿದ್ದಾಗಿನ ಅವಳದೇ ಮಾತುಗಳು ಉಳಿದು ಬಂದಿವೆ. ಅಪ್ಪ ಮತ್ತೆ ಮತ್ತೆ ಬರುತ್ತಾನೆ. ನನ್ನ ನರೆತ ಕೂದಲಿಗಾದರೂ ಕರುಣೆ ತೋರಿಸು ಅನ್ನುತ್ತಾನೆ. ಮಗಳ ಕೈಗೆ ಮುತ್ತಿಡುತ್ತಾನೆ, ಕಾಲಿಗೆ ಬೀಳುತ್ತಾನೆ. ಅವಳು ತನ್ನ ಮಾತು ಬದಲಿಸುವುದಿಲ್ಲ. ಆದರೆ ಅಧಿಕಾರಿ ಅಪ್ಪನಿಗೆ ಕೋಲಿನಿಂದ ಹೊಡೆಸಿದಾಗ, ಏಟು ನನಗೇ ಬಿದ್ದ ಹಾಗೆ ನೋವಾಯಿತು, ಅವರ ಮುಪ್ಪು ನೋಡಿ ಸಂಕಟವಾಯಿತು ಅನ್ನುತ್ತಾಳೆ. ನೀವು ಸೆರೆಯಲ್ಲಿಲ್ಲ, ನಿಮ್ಮ ಕಷ್ಟ ಅದಲ್ಲ. ಈ ಕಥೆ ಹೇಳಿದ್ದು ಒಂದೇ ಕಾರಣಕ್ಕೆ. ಅಪ್ಪನಿಗಾಗಿ ನಿಮ್ಮ ಕರುಳು ಹಿಂಡಿದ ಹಾಗಾಗುವುದು ನಂಬಿಕೆ ಕಮ್ಮಿ ಆದದ್ದರ ಗುರುತು ಅಂತ ಯಾರೂ ನಿಮಗೆ ಹೇಳದಿರಲಿ.

ಅಪ್ಪ ಮಾತಾಡದಿದ್ದರೂ ನೀವು ಮಾತಾಡಿ. ಉತ್ತರ ಕಾಯಬೇಡಿ. ಡ್ಯೂಟಿಗೆ ಹೋಗುವಾಗ ಹೋಗಿ ಬರ್ತೀನಿ ಅಪ್ಪ ಅನ್ನಿ. ಬಿ.ಪಿ. ನೋಡಿ, ಮಾತ್ರೆ ಮುಗಿದಿದ್ದರೆ ತಂದಿಡಿ. ಮನೆಯ ಖರ್ಚಿಗೆ ಕೊಡುವುದನ್ನು ನಿಲ್ಲಿಸಬೇಡಿ. ಅವರನ್ನು ಒಲಿಸಿಕೊಳ್ಳುವ ಉಪಾಯ ಅಂತ ಮಾಡಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. ನೀವು ಅವರ ಮಗಳು, ಅದಕ್ಕೆ ಮಾಡುತ್ತಿದ್ದೀರಿ, ಅಷ್ಟೆ.

ಹಾಸನಾಂಬ ದರ್ಶನದ ಪ್ರಶ್ನೆಗೆ ಹೌದು, ಇಲ್ಲ ಅನ್ನುವ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆಗೆಯುತ್ತಾರೆ. ನಿಮ್ಮ ಅಮ್ಮನಿಗೆ ಅದು ಮನೆಯವರೆಲ್ಲ ಒಟ್ಟಿಗೆ ಹೊರಡುವ ದಿನ. ನೀವು ಬರಲ್ಲ ಅಂದಾಗ ಅವರ ಕಿವಿಗೆ ಕೇಳಿಸಿದ್ದು "ನಿಮ್ಮ ಜೊತೆ ಬರಲ್ಲ" ಅಂತ. ಬಹುಶಃ ಹೊರಡುವ ದಿನ ಬೆಳಿಗ್ಗೆ ಹೇಳಿರಬೇಕು ನೀವು?

ಈ ಸಲ ಬಹಳ ಮುಂಚೆಯೇ ಅಮ್ಮನ ಹತ್ತಿರ ಕೂತು ಮಾತಾಡಿ. ಅಮ್ಮ, ನಾನು ಒಳಗೆ ಬಂದು ಕೈ ಮುಗಿಯಲ್ಲ, ಆದರೆ ನಿನ್ನ ಜೊತೆ ಬರ್ತೀನಿ, ಸಾಲಿನ ತನಕ ಕರ್ಕೊಂಡು ಹೋಗ್ತೀನಿ, ಹೊರಗೆ ಕಾಯ್ತೀನಿ ಅನ್ನಿ. ಆ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತು. ಗಂಟೆಗಟ್ಟಲೆ ನಿಂತ ಅಮ್ಮನಿಗೆ ನೀರಿನ ಬಾಟಲಿ, ಕೂರಲು ಒಂದು ಜಾಗ, ಹೊತ್ತಿಗೆ ಸರಿಯಾಗಿ ಮಾತ್ರೆ ಬೇಕು. ಅದನ್ನು ಮಾಡಿ. ಬೈಬಲಿನ ದಾನಿಯೇಲ, ಸೆರೆಯಾಗಿ ಹೋದ ಬಾಬೆಲಿನಲ್ಲಿ ಹೀಗೇ ನಡೆದುಕೊಂಡ. ಅಲ್ಲಿನವರು ಇಟ್ಟ ಹೆಸರು ಒಪ್ಪಿದ, ಅವರ ವಿದ್ಯೆ ಕಲಿತ. ಊಟದ ವಿಷಯದಲ್ಲಿ ಮಾತ್ರ ಆಗಲ್ಲ ಅಂದ. ಅದನ್ನೂ ಕೂಗಾಡಿ ಹೇಳಲಿಲ್ಲ, ಮೇಲಿನವರನ್ನು ಕೇಳಿಕೊಂಡ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂದ.

ಅರಾಮ್ಯರ ಸೇನಾಪತಿ ನಾಮಾನನ ಕಥೆಯೂ ನಿಮಗೆ ಬೇಕು, 2 ಅರಸುಗಳು 5. ಎಲೀಷ ಹೇಳಿದಂತೆ ಮಾಡಿ ಕುಷ್ಠ ವಾಸಿಯಾದ ಮೇಲೆ ಅವನು, ಇನ್ನು ಯೆಹೋವನನ್ನು ಬಿಟ್ಟು ಬೇರೆ ದೇವರಿಗೆ ಯಜ್ಞ ಮಾಡಲ್ಲ ಅನ್ನುತ್ತಾನೆ. ಆದರೆ ಒಂದು ತೊಡಕು ಹೇಳಿಕೊಳ್ಳುತ್ತಾನೆ. ನನ್ನ ಅರಸ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಊರಿಕೊಳ್ಳುತ್ತಾನೆ, ಆಗ ನಾನೂ ಬಗ್ಗಬೇಕಾಗುತ್ತದೆ, ಯೆಹೋವನು ಅದನ್ನು ಕ್ಷಮಿಸಲಿ ಅಂತ. ಎಲೀಷ ಭಾಷಣ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ. ಎಲ್ಲ ಸಭಾಪಾಲಕರೂ ಈ ಭಾಗವನ್ನು ನನ್ನ ಹಾಗೆ ಓದುವುದಿಲ್ಲ. ಮಣಿಯಬಹುದು ಅಂತ ಇದರಿಂದ ನಾನೂ ಹೇಳುತ್ತಿಲ್ಲ. ಹೊಸದಾಗಿ ನಂಬಿದವರ ಇಕ್ಕಟ್ಟನ್ನು ಪ್ರವಾದಿಯೊಬ್ಬ ಎಷ್ಟು ಮೆತ್ತಗೆ ಕೈಯಲ್ಲಿ ಹಿಡಿದ ಅನ್ನುವುದನ್ನು ನೋಡಿ ಅಂತಿದ್ದೇನೆ.

ಪ್ರಸಾದದ ಬಗ್ಗೆ ನೀವು ಕೇಳಿಲ್ಲ, ಆದರೆ ಹಬ್ಬ ಬಂದರೆ ಅದೂ ಬರುತ್ತದೆ. ಪೌಲ 1 ಕೊರಿಂಥ 10ರಲ್ಲಿ, ಎಲೆಗೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣು, ಇದು ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಮಾತ್ರ ಬಿಡು ಅನ್ನುತ್ತಾನೆ. ಬೇಡ ಅನ್ನುವುದಿದ್ದರೆ ಅಮ್ಮನ ಕೈ ಹಿಡಿದು ಬೇಡ ಅಮ್ಮ ಅನ್ನಿ. ಅವರ ದೇವರ ಬಗ್ಗೆ ಒಂದು ಹಗುರವಾದ ಮಾತೂ ನಿಮ್ಮ ಬಾಯಿಂದ ಬರಬಾರದು. ಅದನ್ನು ಸಾಕ್ಷಿ ಅಂತ ತಿಳಿದವರು ನಮ್ಮಲ್ಲಿ ಇದ್ದಾರೆ, ನನಗೆ ನಾಚಿಕೆಯಾಗುತ್ತದೆ. ಪೌಲ ಎಫೆಸದಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇದ್ದ. ಅರ್ತೆಮಿ ದೇವಿಯ ಊರು ಅದು. ಗಲಾಟೆ ಎದ್ದಾಗ ಊರಿನ ಅಧಿಕಾರಿಯೇ ಎದ್ದು ನಿಂತು, ಇವರು ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನು ಬೈದವರೂ ಅಲ್ಲ ಅಂತ ಹೇಳಿದ. ಎದುರಿನವರ ಬಾಯಿಂದ ಅಂಥ ಮಾತು ಬರುವ ಹಾಗೆ ಪೌಲ ಬದುಕಿದ್ದ. ಯೇಸುವಿನ ಶಿಷ್ಯ ಪೇತ್ರನಂತೂ ತನ್ನ ಮೊದಲ ಪತ್ರದಲ್ಲಿ, ಪರರ ಕಾರ್ಯದಲ್ಲಿ ತಲೆ ಹಾಕಿ ಪೆಟ್ಟು ತಿಂದರೆ ಅದನ್ನು ಕ್ರಿಸ್ತನ ಲೆಕ್ಕಕ್ಕೆ ಬರೆಯಬೇಡಿ ಅಂತ ಅರ್ಥ ಬರುವ ಹಾಗೆ ಬುದ್ಧಿ ಹೇಳಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಮುನಿಸು ಬೇರೆ, ಹಿಂಸೆ ಬೇರೆ. ಯಾರಾದರೂ ಹೊಡೆದರೆ, ಕೋಣೆಯಲ್ಲಿ ಕೂಡಿಹಾಕಿದರೆ, ಬೆದರಿಸಿದರೆ ಸಹಿಸಿಕೊಂಡು ಕೂರುವುದು ತಾಳ್ಮೆ ಅಲ್ಲ. ಒಂದೂರಲ್ಲಿ ಹಿಂಸಿಸಿದರೆ ಇನ್ನೊಂದೂರಿಗೆ ಓಡಿಹೋಗಿ ಅಂತ ಯೇಸುವೇ ಹೇಳಿದ್ದಾನೆ. ಪೌಲ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡವನು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ನಂಬರ್ ಫೋನಿನಲ್ಲಿ ಇರಲಿ.

ಇನ್ನು ದೀಕ್ಷಾಸ್ನಾನ. ಅದು ನಿಮ್ಮ ನಿರ್ಧಾರ, ನಿಮ್ಮ ಹೊತ್ತು. ಬೇಗ ಬೇಗ ಅನ್ನುವವರು ಆ ದಿನ ಸಂಜೆ ನಿಮ್ಮ ಜೊತೆ ಊರಿಗೆ ಬರುತ್ತಾರಾ ಅಂತ ಒಮ್ಮೆ ಕೇಳಿ ನೋಡಿ. ಸಂವಿಧಾನದ 25ನೇ ವಿಧಿ ನಿಮಗೆ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಹಾಗಾಗಿ ಹೆಜ್ಜೆ ಇಡುವ ದಿನ ಕಾನೂನು ಏನು ಹೇಳುತ್ತದೆ ಅಂತ ಹಾಸನದಲ್ಲೇ ಒಬ್ಬ ವಕೀಲರನ್ನು ಕೇಳಿಕೊಳ್ಳಿ. ಅಪ್ಪ ಅಮ್ಮನಿಗೆ ಕದ್ದು ಮುಚ್ಚಿ ಮಾಡಬೇಡಿ. ಅವರು ಒಪ್ಪದಿರಬಹುದು, ಆದರೆ ಬೇರೆಯವರ ಬಾಯಿಂದ ಕೇಳುವ ಹಾಗೆ ಆಗಬಾರದು. ಮೊದಲು ಮೈ ಸುಧಾರಿಸಲಿ, ನಿದ್ದೆ ಸರಿಯಾಗಲಿ, ಒಬ್ಬರು ಜೊತೆಗಾತಿ ಸಿಗಲಿ. ಅಲ್ಲಿಯ ತನಕ ಯಾರಾದರೂ ಒತ್ತಾಯ ಮಾಡಿದರೆ, ಚಿಕ್ಕಮಗಳೂರಿನ ಒಬ್ಬ ಮುದಿ ಅಯ್ಯನೋರು ಕಾಯಿರಿ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕಿಬಿಡಿ.